ಬೆಂಕಿ ಕೇಳದ, ನೀರು ಕೇಳದ ಬುತ್ತಿ: ಚಳಿಗಾಲದ ಟ್ರಕ್ಕಿಗೆ ಏನು ತುಂಬಿಕೊಳ್ಳಬೇಕು?

ಪ್ರಶ್ನೆ: ನಾನು ಗದಗ ಜಿಲ್ಲೆಯವನು. ಕೆನಡಾದ ವಿನ್ನಿಪೆಗ್‌ನಲ್ಲಿ ಈ ಬೇಸಿಗೆಯಲ್ಲಿ ಕ್ಲಾಸ್ 1 ಲೈಸೆನ್ಸ್ ಮಾಡಿಸಿಕೊಂಡು ಟ್ರಕ್ ಓಡಿಸಲು ಶುರು ಮಾಡಿದ್ದೇನೆ. ಚಳಿಗಾಲ ಪೂರ್ತಿ ವಿನ್ನಿಪೆಗ್–ಟೊರೊಂಟೊ ಲೈನ್ ಕೊಟ್ಟಿದ್ದಾರೆ, ನಡುನಡುವೆ ಅಮೆರಿಕಕ್ಕೂ ಹೋಗಬೇಕಾಗುತ್ತದೆ. ಚೈನು, ಸಲಿಕೆ, ಫ್ಲೇರು ಎಲ್ಲ ಕಂಪನಿಯವರೇ ಕೊಟ್ಟರು, ‘ಎಮರ್ಜೆನ್ಸಿ ಊಟ ಮಾತ್ರ ನಿನ್ನದು’ ಅಂದರು. ಎಷ್ಟು ದಿನದ್ದು ಇಟ್ಟುಕೊಳ್ಳಬೇಕು? ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಸಣ್ಣ ಗ್ಯಾಸ್ ಸ್ಟವ್ ಇದ್ದರೆ ಅನ್ನ, ನೂಡಲ್ಸ್ ಬೇಯಿಸಿಕೊಳ್ಳಬಹುದಲ್ಲವೇ? ಅವ್ವ ರೊಟ್ಟಿ, ಚಟ್ನಿ, ಉಂಡಿ ಪಾರ್ಸಲ್ ಮಾಡುತ್ತೇನೆ ಅಂತಾಳೆ. ಆ ಚಳಿಯಲ್ಲಿ ಅವು ನಡೆಯುತ್ತವೆಯೇ?

ಉತ್ತರ: ಅವ್ವನಿಗೆ ಇವತ್ತೇ ಫೋನ್ ಮಾಡಿ, ಕಳಿಸಲಿಕ್ಕೆ ಹೇಳಿ. ಗ್ಯಾಸ್ ಸ್ಟವ್ ಮಾತ್ರ ಕೊಳ್ಳಬೇಡಿ. ಎರಡಕ್ಕೂ ಕಾರಣ ಇದೆ. ಅದನ್ನು ಹೇಳುವ ಮೊದಲು ಈ ಬುತ್ತಿ ಯಾತಕ್ಕೆ ಎನ್ನುವುದು ನಿಮಗೆ ಸ್ಪಷ್ಟವಾಗಬೇಕು.

ಎರಡು ಮೂರು ದಿನ ಊಟ ಬಿಟ್ಟ ಮಾತ್ರಕ್ಕೆ ಗಟ್ಟಿ ಆಳು ಸಾಯುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಕೊಲ್ಲುವುದು ಚಳಿ, ಹೊಗೆಯ ವಿಷಗಾಳಿ, ಮತ್ತು ವಾಹನ ಬಿಟ್ಟು ನಡೆದು ಹೋಗುವ ನಿರ್ಧಾರ. ಈ ಮೂರನೆಯದಕ್ಕೂ ಹೊಟ್ಟೆಗೂ ನೇರ ಸಂಬಂಧ ಇದೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಚಳಿಯಲ್ಲಿ ನಡುಗುತ್ತಾ ಕೂತವನಿಗೆ ‘ಎರಡು ಕಿಲೋಮೀಟರ್ ಹಿಂದೆ ಒಂದು ದೀಪ ಕಂಡಿತ್ತಲ್ಲ, ಹೋಗಿಬರೋಣ’ ಅನ್ನಿಸಲು ಶುರುವಾಗುತ್ತದೆ. ಗಾಳಿಯಲ್ಲಿ ಹಿಮ ಏಳುವಾಗ ಹತ್ತು ಹೆಜ್ಜೆ ಆಚೆ ನಿಂತರೆ ನಿಮ್ಮ ಟ್ರೈಲರೇ ನಿಮಗೆ ಕಾಣುವುದಿಲ್ಲ. ಹೊಟ್ಟೆಯಲ್ಲಿ ಒಂದಿಷ್ಟು ಇದ್ದವನು ಕ್ಯಾಬ್‌ನಲ್ಲೇ ಕೂರುತ್ತಾನೆ, ಯೋಚನೆ ಮಾಡುತ್ತಾನೆ, ರಸ್ತೆ ತೆರೆಯುವವರೆಗೆ ಕಾಯುತ್ತಾನೆ. ಬುತ್ತಿಯ ಮೊದಲ ಕೆಲಸ ನಿಮ್ಮನ್ನು ಟ್ರಕ್ಕಿನೊಳಗೆ ಕೂರಿಸುವುದು.

ಎರಡನೆಯ ಕೆಲಸ ಶಾಖ. ನಡುಕ ಅಂದರೆ ದೇಹ ತನ್ನ ಸ್ನಾಯುಗಳನ್ನೇ ಒಲೆ ಮಾಡಿಕೊಳ್ಳುವುದು. ಜೋರಾಗಿ ನಡುಗುವಾಗ ಸುಮ್ಮನೆ ಕೂತದ್ದಕ್ಕಿಂತ ಹಲವು ಪಟ್ಟು ಶಾಖ ಹುಟ್ಟುತ್ತದೆ, ಅಷ್ಟೇ ವೇಗವಾಗಿ ಸೌದೆಯೂ ಖರ್ಚಾಗುತ್ತದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ನಡುಗುವ ಶಕ್ತಿಯೇ ಕುಂದುತ್ತದೆ. ಆಗ ‘ಚಳಿ ಕಡಿಮೆಯಾಯಿತು’ ಎಂಬ ಭ್ರಮೆ ಬರುತ್ತದೆ. ಅದು ಎಲ್ಲಕ್ಕಿಂತ ಅಪಾಯದ ಗಳಿಗೆ.

ಈಗ ನಿಮ್ಮ ದಾರಿಯ ವಿಚಾರ. ಕೆನೋರಾ, ಡ್ರೈಡನ್ ದಾಟಿ ಥಂಡರ್ ಬೇವರೆಗೆ ಸುಮಾರು 700 ಕಿ.ಮೀ., ಅಲ್ಲಿಂದ ಲೇಕ್ ಸುಪೀರಿಯರ್ ದಂಡೆ ಹಿಡಿದು ಸೂ ಸೇಂಟ್ ಮರೀಗೆ ಮತ್ತೆ 700. ಈ ಎರಡನೆಯ ಭಾಗದ ಬಗ್ಗೆ ಹುಷಾರಾಗಿರಿ. ನಿಪಿಗಾನ್, ಮ್ಯಾರಥಾನ್, ವಾವಾ ಇವುಗಳ ನಡುವೆ ಗಂಟೆಗಟ್ಟಲೆ ಕಾಡು ಮತ್ತು ಬಂಡೆ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಸರೋವರದ ತೇವ ಹೊತ್ತ ಗಾಳಿ ದಂಡೆಗೆ ಬಂದು ಹಿಮ ಸುರಿಸಿದರೆ ವಾವಾ ಬಳಿ ಹೈವೇ 17 ಮುಚ್ಚುವುದು ಪ್ರತಿ ಚಳಿಗಾಲದ ಮಾತು. ನಿಪಿಗಾನ್‌ನಿಂದ ಮೇಲೆ ಹರ್ಸ್ಟ್, ಕಪುಸ್ಕೇಸಿಂಗ್ ಮೂಲಕ ಹೈವೇ 11 ಇದೆಯಾದರೂ ಅಲ್ಲಿ ಚಳಿ ಇನ್ನೂ ಹೆಚ್ಚು, ಊರುಗಳು ಇನ್ನೂ ದೂರ. ನಿಪಿಗಾನ್ ಹತ್ತಿರವಂತೂ ಪೂರ್ವ–ಪಶ್ಚಿಮ ಕೆನಡಾಕ್ಕೆ ಇರುವುದು ಒಂದೇ ರಸ್ತೆ. 2016ರ ಜನವರಿ 10ರಂದು ಅಲ್ಲಿನ ಹೊಸ ಸೇತುವೆಯ ರಸ್ತೆಹಾಸು ಒಂದು ಕಡೆ ಸುಮಾರು 60 ಸೆಂಟಿಮೀಟರ್ ಮೇಲೆದ್ದಾಗ ದೇಶದೊಳಗಿನ ರಸ್ತೆ ಸಂಪರ್ಕವೇ ತುಂಡಾಯಿತು. ಮರುದಿನ ಒಂದು ಲೇನ್ ತೆರೆಯುವವರೆಗೆ ಟ್ರಕ್ಕುಗಳು ನಿಂತಲ್ಲೇ ನಿಂತವು.

ಅಮೆರಿಕದ ಕಡೆ ಹೋದರೆ ರಸ್ತೆ ದೊಡ್ಡದು, ಊರು ಹತ್ತಿರ ಅಂತ ಬುತ್ತಿ ಕಡಿಮೆ ಮಾಡಬೇಡಿ. 2022ರ ಜನವರಿ 3ರಂದು ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಬಳಿ ಐ-95 ಹೆದ್ದಾರಿಯಲ್ಲಿ ಹಿಮಕ್ಕೆ ಟ್ರಕ್ಕುಗಳು ಅಡ್ಡಡ್ಡ ತಿರುಗಿ ನಿಂತವು, ಹಿಂದೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಉದ್ದಕ್ಕೆ ಸಾಲು ಕಟ್ಟಿತು. ರಾಜಧಾನಿ ವಾಷಿಂಗ್ಟನ್‌ನಿಂದ ಅದೇನು ದೂರದ ಜಾಗವಲ್ಲ. ಆದರೂ ಎಷ್ಟೋ ಜನ ಒಂದು ಹಗಲು ಒಂದು ರಾತ್ರಿ ಮೀರಿ ಅಲ್ಲೇ ಕೂತರು. ಆ ರಾಜ್ಯದ ಸೆನೆಟರ್ ಟಿಮ್ ಕೇನ್ ವಾಷಿಂಗ್ಟನ್ ಮುಟ್ಟಲು 27 ಗಂಟೆ ಹಿಡಿಯಿತು. ಸಾಲಿನಲ್ಲಿ ಸಿಕ್ಕಿದ್ದ ಒಂದು ಬ್ರೆಡ್ ಟ್ರಕ್ಕನ್ನು ಕಂಪನಿಯ ಒಪ್ಪಿಗೆ ಪಡೆದು ತೆರೆದು, ಸುತ್ತಲಿನ ಕಾರುಗಳವರಿಗೆ ಹಂಚಿದರು. ಅಂಥ ಟ್ರಕ್ಕು ನಿಮ್ಮ ಪಕ್ಕದಲ್ಲೇ ಇರುತ್ತದೆ ಅಂತ ನಂಬಿ ಹೊರಡುವ ಹಾಗಿಲ್ಲ.

ಎಷ್ಟು ದಿನದ್ದು ಎಂದು ಕೇಳಿದಿರಿ. ಮೂರು ದಿನದ್ದು. ಕೆನಡಾ ಸರ್ಕಾರ ಮನೆಗಳಿಗೆ ಹೇಳುವುದೂ 72 ಗಂಟೆಯ ಲೆಕ್ಕವನ್ನೇ. ದಿನಕ್ಕೆ 2,500ರಿಂದ 3,000 ಕಿಲೊಕ್ಯಾಲರಿ ಅಂತ ಹಿಡಿಯಿರಿ. ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದರೆ ಎಲ್ಲವೂ ಇಬ್ಬರದ್ದು.

ಏನು ಇಡಬೇಕು ಎನ್ನುವುದಕ್ಕೆ ನನ್ನದು ಒಂದೇ ಪರೀಕ್ಷೆ. ನೀವು ಒಯ್ಯಬೇಕೆಂದಿರುವ ಪದಾರ್ಥವನ್ನು ಮನೆಯ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ. ಫ್ರೀಜರ್ ಮೈನಸ್ 18, ನಿಮ್ಮ ದಾರಿಯಲ್ಲಿ ಜನವರಿ ರಾತ್ರಿ ಮೈನಸ್ 30 ಅಪರೂಪವಲ್ಲ. ಅಂದರೆ ಇದು ಸುಲಭದ ಪರೀಕ್ಷೆ. ಬೆಳಿಗ್ಗೆ ದಪ್ಪ ಕೈಗವಸು ಹಾಕಿಕೊಂಡು, ಅದನ್ನು ತೆಗೆಯದೆ, ಪ್ಯಾಕೆಟ್ ಬಿಚ್ಚಿ ಕಚ್ಚಿ ನೋಡಿ. ಬೆಂಕಿ ಇಲ್ಲದೆ, ನೀರು ಬೆರೆಸದೆ, ಹಲ್ಲು ಮುರಿಯದೆ ತಿನ್ನಲು ಬಂದರೆ ಅದು ಬುತ್ತಿಗೆ ಸೇರುತ್ತದೆ. ಬಾರದಿದ್ದರೆ ಎಷ್ಟೇ ರುಚಿಯಾಗಿದ್ದರೂ ಅದು ಹೀಟರ್ ನಡೆಯುವಾಗಿನ ಊಟ, ಆಪತ್ತಿನದ್ದಲ್ಲ.

ಈ ಪರೀಕ್ಷೆಯಲ್ಲಿ ಪಟಪಟನೆ ಬಿದ್ದುಹೋಗುವವು ಯಾವುವು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಬಾಳೆಹಣ್ಣು, ಕಿತ್ತಳೆ, ಸೇಬು ಕಲ್ಲಾಗುತ್ತವೆ. ರೆಡಿ-ಟು-ಈಟ್ ಬಿಸಿಬೇಳೆಬಾತ್, ಉಪ್ಪಿಟ್ಟು, ದಾಲ್ ಪ್ಯಾಕೆಟ್ಟುಗಳಲ್ಲಿ ನೀರಿನಂಶವೇ ಹೆಚ್ಚು, ಅವೂ ಕಲ್ಲು. ಡಬ್ಬಿಯ ರಾಜ್ಮಾ, ಸೂಪು ಇನ್ನೂ ಕಷ್ಟ: ಒಳಗಿನ ನೀರು ಹಿಗ್ಗಿ ಡಬ್ಬಿ ಉಬ್ಬುತ್ತದೆ, ಹೊಲಿಗೆ ಬಿಡುತ್ತದೆ. ಉಬ್ಬಿದ, ಸೋರಿದ ಡಬ್ಬಿಯನ್ನು ಆಮೇಲೆ ಕರಗಿಸಿ ತಿನ್ನಬಾರದು, ಎಸೆಯಬೇಕು. ಅಂಗಡಿಯ ಕೆಲವು ಎನರ್ಜಿ ಬಾರುಗಳೂ ದವಡೆಗೆ ಜಗ್ಗುವುದಿಲ್ಲ, ಕೊಳ್ಳುವ ಮೊದಲು ಒಂದನ್ನು ತಂದು ಪರೀಕ್ಷಿಸಿ.

ಹೆಪ್ಪುಗಟ್ಟುವುದು ನೀರು. ನೀರೇ ಇಲ್ಲದ ಪದಾರ್ಥಕ್ಕೆ ಹೆಪ್ಪುಗಟ್ಟುವ ಚಿಂತೆ ಇಲ್ಲ. ನಿಮ್ಮ ಅವ್ವನ ಖಡಕ್ ರೊಟ್ಟಿ ಗೆಲ್ಲುವುದು ಇಲ್ಲೇ. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮೈನಸ್ 30ರಲ್ಲೂ ಗದಗಿನಲ್ಲಿ ಹೇಗಿತ್ತೋ ಹಾಗೇ ಪಟ್ ಅಂತ ಮುರಿಯುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕೂಡ ಪುಡಿಪುಡಿಯಾಗಿಯೇ ಇರುತ್ತವೆ. ಆದರೆ ಇವುಗಳ ಮೇಲೆಯೇ ಪೂರ್ತಿ ನಿಲ್ಲಬೇಡಿ. ರೊಟ್ಟಿ ಜಾಗ ಹಿಡಿಯುವಷ್ಟು ಶಕ್ತಿ ಕೊಡುವುದಿಲ್ಲ, ಬಾಯಿ ಒಣಗಿಸುತ್ತದೆ, ಚಟ್ನಿಯ ಉಪ್ಪು ನೀರು ಕೇಳುತ್ತದೆ. ಒಂದು ಎಂಟು ಹತ್ತು ರೊಟ್ಟಿ ಸಾಕು, ಚಟ್ನಿಯಲ್ಲಿ ಉಪ್ಪು ಕಡಿಮೆ ಇರಲಿ ಅಂತ ಮೊದಲೇ ಹೇಳಿ. ಉಪ್ಪಿನಕಾಯಿ ಬೇಡ. ಚುರುಮುರಿಯೂ ಬೇಡ: ಚೀಲ ತುಂಬುತ್ತದೆ, ಶಕ್ತಿ ಬರುವುದಿಲ್ಲ.

ಬುತ್ತಿಯ ನಿಜವಾದ ಬಲ ಅಂಟಿನ ಉಂಡಿ. ಬಾಣಂತಿಯರಿಗೆ ಮಾಡುವ ಅದೇ ಉಂಡಿ. ಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲರಿ, ಪಿಷ್ಟದಲ್ಲಿ, ಸಕ್ಕರೆಯಲ್ಲಿ 4. ಈ ಉಂಡಿಯಲ್ಲಿ ಬೆಲ್ಲ ಕೂಡಲೇ ಉರಿಯುತ್ತದೆ, ಕೊಬ್ಬರಿ ಮತ್ತು ತುಪ್ಪ ರಾತ್ರಿಯಿಡೀ ನಿಧಾನಕ್ಕೆ ಉರಿಯುತ್ತವೆ. ಸಾಮಾನ್ಯ ಅಳತೆಯಲ್ಲಿ ಮಾಡಿದ 40 ಗ್ರಾಂನ ಒಂದು ಉಂಡಿಯಲ್ಲಿ ಸುಮಾರು 190 ಕಿಲೊಕ್ಯಾಲರಿ ಇರುತ್ತದೆ. 30 ಉಂಡಿ ಅಂದರೆ 5,700. ಜೊತೆಗೆ ಹುರಿದ ಶೇಂಗಾ ಅರ್ಧ ಕಿಲೋ, 2,800. ಒಟ್ಟು 8,500, ಮೂರು ದಿನದ ಲೆಕ್ಕ ಮುಗಿಯಿತು. ತೂಕ ಎರಡು ಕಿಲೋ ಕೂಡ ಆಗಲಿಲ್ಲ. ರೊಟ್ಟಿ, ಚಟ್ನಿ, ಖರ್ಜೂರ, ಬಿಸ್ಕತ್ತು ಎಲ್ಲ ಇದರ ಮೇಲಿನ ಮಾತು.

ಉಂಡಿ ಕಟ್ಟುವಾಗ ಅವ್ವ ಎರಡು ವಿಷಯ ನೋಡಿಕೊಳ್ಳಬೇಕು. ಬೆಲ್ಲದ ಪಾಕ ಗಟ್ಟಿ ಬರಬಾರದು. ಊರಿನಲ್ಲಿ ಹದವಾಗಿರುವ ಪಾಕ ಇಲ್ಲಿ ಗಾಜಿನಷ್ಟು ಗಡುಸಾಗುತ್ತದೆ. ಪಾಕ ಇಳಿಸಿ, ಉತ್ತತ್ತಿ ಬದಲು ಮೆತ್ತನೆಯ ಖರ್ಜೂರ ಹೆಚ್ಚು ಹಾಕಿದರೆ ಹಿಡಿತವೂ ಬರುತ್ತದೆ, ಕಚ್ಚಲೂ ಬರುತ್ತದೆ. ಎರಡನೆಯದು ಗಾತ್ರ: ಇಡೀ ಉಂಡಿ ಒಂದೇ ಸಲಕ್ಕೆ ಬಾಯಿಗೆ ಹೋಗುವಷ್ಟು ಸಣ್ಣದಿರಲಿ, ನಲವತ್ತು ಗ್ರಾಂನದನ್ನು ಎರಡು ಮಾಡಿ ಕಟ್ಟಿದರೂ ಆದೀತು. ಬಾಯಿಯೊಳಗೆ ಇಟ್ಟುಕೊಂಡರೆ ತುಪ್ಪ ತಾನೇ ಕರಗುತ್ತದೆ. ಶೇಂಗಾ ಚಿಕ್ಕಿಗೂ ಇದೇ ಮಾತು, ಮನೆಯಲ್ಲೇ ಸಣ್ಣ ಚೂರು ಮಾಡಿ ಇಡಿ. ಮಾದಲಿ ಮಾಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅದೂ ಒಳ್ಳೆಯದು, ಒಣ ಪುಡಿಯಾದ್ದರಿಂದ ಕಲ್ಲಾಗುವುದಿಲ್ಲ, ಆದರೆ ಗಂಟಲಿಗೆ ಸಿಕ್ಕದಂತೆ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ತುಪ್ಪವನ್ನು ಪಾರ್ಸಲ್‌ನಲ್ಲಿ ತರಿಸಬೇಡಿ, ವಿನ್ನಿಪೆಗ್‌ನ ಅಂಗಡಿಗಳಲ್ಲೇ ಸಿಗುತ್ತದೆ.

ಊಟಕ್ಕಿಂತ ಕಷ್ಟದ್ದು ನೀರು. ದಿನಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ಆರು ಲೀಟರ್ ಬೇಕು, ಅದು ಕುಡಿಯುವ ಸ್ಥಿತಿಯಲ್ಲೂ ಇರಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9 ಹಿಗ್ಗುತ್ತದೆ. ಅಂಗಡಿಯಲ್ಲಿ ಕೊಂಡ ತುಂಬಿದ ಬಾಟಲಿ ಸೀಳುವುದು ಅದಕ್ಕೇ. ಅಗಲ ಬಾಯಿಯ, ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಲೀಟರಿನ ಬಾಟಲಿಗಳನ್ನು ಮುಕ್ಕಾಲು ಮಾತ್ರ ತುಂಬಿ, ಉಣ್ಣೆಯ ಕಾಲುಚೀಲದೊಳಗೆ ಇಳಿಸಿ, ತಲೆಕೆಳಗಾಗಿ ನಿಲ್ಲಿಸಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದೆ. ಬಾಟಲಿ ತಲೆಕೆಳಗಿದ್ದರೆ ಮಂಜುಗಡ್ಡೆ ಬುಡದ ಕಡೆ ಕೂರುತ್ತದೆ, ಬಾಯಿ ತೆರೆದಿರುತ್ತದೆ. ರಾತ್ರಿ ಮಲಗುವಾಗ ಒಂದನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಿ. ಜೊತೆಗೆ ಒಳ್ಳೆಯ ಫ್ಲಾಸ್ಕ್ ಒಂದು, ಪ್ರತಿ ನಿಲುಗಡೆಯಲ್ಲೂ ಬಿಸಿನೀರು ಇಲ್ಲವೇ ಚಹಾ ತುಂಬಿಸಿಕೊಳ್ಳುವ ಅಭ್ಯಾಸ ಮಾಡಿ. ಅದು ತುಂಬಿದ್ದಾಗಲೇ ಸಿಕ್ಕಿಬಿದ್ದರೆ ಮೊದಲ ಎಂಟು ಗಂಟೆ ಅರ್ಧ ಗೆದ್ದಂತೆ.

ಹೊರಗೆ ಇಷ್ಟೊಂದು ಹಿಮ ಇದೆಯಲ್ಲ, ತಿಂದರಾಯಿತು ಅಂತ ಹೊಸಬರು ಕೇಳುತ್ತಾರೆ. ತಿನ್ನಬಾರದು. ಒಂದು ಲೀಟರ್ ನೀರಾಗುವಷ್ಟು ಹಿಮವನ್ನು ಕರಗಿಸಿ ಮೈಯ ಶಾಖಕ್ಕೆ ತರಲು ಸುಮಾರು 120 ಕಿಲೊಕ್ಯಾಲರಿ ಶಾಖ ಬೇಕು, ಅದನ್ನು ನಿಮ್ಮ ಎದೆ ಹೊಟ್ಟೆಯಿಂದಲೇ ಕಸಿಯುತ್ತದೆ. ತಣ್ಣಗಾಗುತ್ತಿರುವ ಮೈ ಅದನ್ನು ತಡೆಯುವುದಿಲ್ಲ. ನೀರು ತೀರುವ ಪ್ರಸಂಗ ಬಂದರೆ, ಬಾಟಲಿ ಪೂರ್ತಿ ಖಾಲಿಯಾಗುವ ಮೊದಲೇ, ಮೂರರಲ್ಲೊಂದು ಪಾಲು ನೀರಿದ್ದಾಗಲೇ ಅದಕ್ಕೆ ಹಿಮ ಸೇರಿಸಿ, ಹೀಟರ್ ನಡೆಯುತ್ತಿದ್ದರೆ ಡ್ಯಾಶ್‌ಬೋರ್ಡಿನ ಬಿಸಿಗಾಳಿಯ ಮುಂದೆ ಇಡಿ. ರಸ್ತೆ ಪಕ್ಕದ ಹಿಮದಲ್ಲಿ ಉಪ್ಪು, ಡೀಸೆಲ್ ಇರುತ್ತದೆ, ಟ್ರೈಲರಿನ ಮರೆಯಲ್ಲಿ ಹೊಸದಾಗಿ ಬಿದ್ದದ್ದನ್ನು ತೆಗೆದುಕೊಳ್ಳಿ. ಹತ್ತು ಪಾತ್ರೆ ಹಿಮ ಕರಗಿದರೆ ಒಂದು ಪಾತ್ರೆ ನೀರು ಆಗಬಹುದು, ಅಷ್ಟೇ. ಮೂತ್ರಕ್ಕೆ ಹೊರಗೆ ಹೋಗಬೇಕಲ್ಲ ಅಂತ ನೀರು ಕುಡಿಯದೆ ಕೂರುವುದು ದೊಡ್ಡ ತಪ್ಪು, ಅದಕ್ಕೊಂದು ಮುಚ್ಚಳ ಇರುವ ಬೇರೆ ಬಾಟಲಿ ಇಟ್ಟುಕೊಳ್ಳಿ. ಗುರುತು ತಪ್ಪದಂತೆ ಟೇಪ್ ಸುತ್ತಿರಿ.

ಗ್ಯಾಸ್ ಸ್ಟವ್ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಣ್ಣ ಡಬ್ಬಿಗಳಲ್ಲಿ ಇರುವುದು ಹೆಚ್ಚಾಗಿ ಬ್ಯೂಟೇನ್. ಅದು ಮೈನಸ್ ಅರ್ಧ ಡಿಗ್ರಿಯ ಕೆಳಗೆ ಅನಿಲವಾಗುವುದೇ ಇಲ್ಲ, ಬೇಕಾದ ಹೊತ್ತಿಗೆ ಹೊತ್ತುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಅನಿಲವಾಗುತ್ತದೆ, ಹೊತ್ತುತ್ತದೆ, ಅಪಾಯ ಶುರುವಾಗುವುದೂ ಅಲ್ಲೇ. ಮುಚ್ಚಿದ ಕ್ಯಾಬ್‌ನಲ್ಲಿ ಉರಿ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ವಲ್ಪ ತಲೆನೋವು, ಆಮೇಲೆ ನಿದ್ದೆ. ಪಕ್ಕದಲ್ಲೇ ಹಾಸಿಗೆ, ಹೊದಿಕೆ, ಪರದೆ. ಎಲ್ಲ ಹತ್ತಿ ಉರಿಯುವ ವಸ್ತು. ಮೇಣದಬತ್ತಿಯ ಸಲಹೆ ಕೊಡುವವರೂ ಇದ್ದಾರೆ, ಬಂಕ್ (ಸೀಟಿನ ಹಿಂದಿನ ಮಲಗುವ ಜಾಗ) ಇರುವ ಕ್ಯಾಬ್‌ನಲ್ಲಿ ನಾನು ಅದನ್ನೂ ಒಪ್ಪುವುದಿಲ್ಲ. ನೀರು ಹಾಕಿದರೆ ತಾನೇ ಬಿಸಿಯಾಗುವ ಮಿಲಿಟರಿ ಮಾದರಿಯ ಪ್ಯಾಕೆಟ್ಟುಗಳಿಗೆ ಆ ನೀರನ್ನೇ ಎಲ್ಲಿಂದ ತರುತ್ತೀರಿ? ಅವು ಹೈಡ್ರೋಜನ್ ಬಿಡುತ್ತವೆ, ಕಿಟಕಿಯನ್ನೂ ತೆರೆಯಬೇಕು. ಬಿಸಿ ಊಟ ಬೇಕೇ ಬೇಕು ಅಂದರೆ 12 ವೋಲ್ಟಿನ ಲಂಚ್‌ಬಾಕ್ಸ್ ಹೀಟರ್ ಕೊಳ್ಳಿ. ಇಂಜಿನ್ ಓಡುವಾಗ ನಿಮ್ಮ ನೂಡಲ್ಸ್, ಬಿಸಿಬೇಳೆಬಾತ್ ಎಲ್ಲ ಅದರಲ್ಲಿ ನಡೆಯುತ್ತದೆ.

ಇದೇ ಹೊಗೆಯ ಮಾತು ಬಂಕ್ ಹೀಟರಿಗೂ, ಅಂದರೆ ಇಂಜಿನ್ ನಿಂತಾಗ ಕ್ಯಾಬ್ ಬೆಚ್ಚಗಿಡುವ ಸಣ್ಣ ಡೀಸೆಲ್ ಹೀಟರಿಗೂ, ಅನ್ವಯಿಸುತ್ತದೆ. ಇಂಜಿನ್ ಸುಮ್ಮನೆ ಓಡಿದರೆ ಗಂಟೆಗೆ ಮೂರು ಲೀಟರ್ ಆಸುಪಾಸು ಡೀಸೆಲ್ ಕುಡಿಯುತ್ತದೆ, ಬಂಕ್ ಹೀಟರಿಗೆ ಅರ್ಧ ಲೀಟರ್ ಕೂಡ ಬೇಡ. ಅದು ಒಳ್ಳೆಯದೇ. ಆದರೆ ಟ್ರಕ್ಕಿನ ಸೈಲೆನ್ಸರ್ ಮೇಲಕ್ಕಿದ್ದರೂ ಬಂಕ್ ಹೀಟರಿನ ಹೊಗೆಕೊಳವೆ ಸಾಮಾನ್ಯವಾಗಿ ಕ್ಯಾಬ್‌ನ ಅಡಿಯಲ್ಲಿರುತ್ತದೆ, ಗಾಳಿ ತಂದು ಗುಡ್ಡೆ ಹಾಕುವ ಹಿಮ ಅದನ್ನು ಮೊದಲು ಮುಚ್ಚುತ್ತದೆ. ಎರಡು ಗಂಟೆಗೊಮ್ಮೆ ಇಳಿದು, ಟ್ರಕ್ಕಿನ ಮೇಲೆ ಒಂದು ಕೈ ಇಟ್ಟುಕೊಂಡೇ ಸುತ್ತು ಹೋಗಿ, ಆ ಜಾಗ ಬಿಡಿಸಿ ಬನ್ನಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಬಂಕ್ ಗೋಡೆಗೆ ಅಂಟಿಸಿ. ಅದಕ್ಕೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಬೇಡ. ಥಂಡರ್ ಬೇಯಿಂದ ಪೂರ್ವಕ್ಕೆ ಟ್ಯಾಂಕು ಅರ್ಧಕ್ಕಿಂತ ಇಳಿಯಲು ಬಿಡಬೇಡಿ.

ಬುತ್ತಿ ಎಲ್ಲಿಡಬೇಕು ಎನ್ನುವುದನ್ನು ನೀವು ಕೇಳಲಿಲ್ಲ, ಆದರೆ ಎಷ್ಟೋ ಜನ ಎಡವುವುದು ಇಲ್ಲಿ. ಹೊರಗಿನಿಂದ ತೆರೆಯುವ ಸೈಡ್ ಬಾಕ್ಸಿನಲ್ಲಿ ಇಡಬೇಡಿ, ಬಾಗಿಲು ಹಿಮಕ್ಕೆ ಅಂಟಿಕೊಂಡರೆ ಬುತ್ತಿ ಇದ್ದೂ ಇಲ್ಲದಂತೆ. ಟ್ರೈಲರಿನ ಮಾತೇ ಬೇಡ. ಎರಡು ದಿನದ್ದು ಬಂಕ್ ಒಳಗೆ, ಒಂದು ದಿನದ್ದು ಸೀಟಿನಿಂದ ಕೈಚಾಚಿದರೆ ಸಿಗುವಲ್ಲಿ. ಆ ದಿನ ತಿನ್ನಬೇಕಾದ ಉಂಡಿ, ಶೇಂಗಾ ಜಾಕೆಟ್‌ನ ಒಳಜೇಬಿನಲ್ಲಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕೈಗವಸಿಗೆ ಬಗ್ಗುವುದಿಲ್ಲ. ಉಂಡಿಗಳನ್ನು ಎಣ್ಣೆಕಾಗದದಲ್ಲಿ ಸುತ್ತಿ ದಾರ ಎಳೆಯುವ ಬಟ್ಟೆಚೀಲಕ್ಕೆ ಹಾಕಿ. ನಮಗೆ ಸ್ಟೀಲ್ ಲೋಟ, ಸ್ಟೀಲ್ ಚಮಚದ ರೂಢಿ. ಹೀಟರ್ ನಿಂತ ಕ್ಯಾಬ್‌ನಲ್ಲಿ ಅವು ಒದ್ದೆ ತುಟಿಗೆ, ನಾಲಿಗೆಗೆ ಅಂಟಿಕೊಂಡು ಚರ್ಮ ಕಿತ್ತುಬರುತ್ತದೆ. ಮರದ ಚಮಚ ಒಂದು ಇರಲಿ, ನೀರು ಬಾಟಲಿಯಿಂದಲೇ ಕುಡಿಯಿರಿ.

ಸಿಕ್ಕಿಬಿದ್ದಾಗ ಒಟ್ಟಿಗೇ ತಿನ್ನಬೇಡಿ, ಉಳಿಸಿಕೊಳ್ಳುತ್ತೇನೆ ಅಂತ ಉಪವಾಸವೂ ಕೂರಬೇಡಿ. ಎರಡು ಮೂರು ಗಂಟೆಗೊಂದು ಉಂಡಿ, ಒಂದು ಹಿಡಿ ಶೇಂಗಾ, ನಾಲ್ಕು ಗುಟುಕು ನೀರು. ಮಲಗುವ ಅರ್ಧ ಗಂಟೆ ಮೊದಲು ಎರಡು ಉಂಡಿ ಹೆಚ್ಚಿಗೆ. ಚಹಾ, ಕಾಫಿ ಕುಡಿಯಬಹುದು. ಹೆಂಡ ಮಾತ್ರ ಮುಟ್ಟಲೇಬೇಡಿ: ಅದು ಚರ್ಮದ ಕಡೆ ರಕ್ತ ಹರಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು, ನಿಮಗಲ್ಲದಿದ್ದರೆ ನಿಮ್ಮ ಜೊತೆಗಾರರಿಗೆ ತಿಳಿಸಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿತು ಅಂದರೆ ಕರಗಿದ ಮೇಲೂ ಅದನ್ನು ಬಳಸಬಾರದು. ಅದರ ಜಾಗ ಬ್ಯಾಗಲ್ಲ, ಮೈಗೆ ಹತ್ತಿದ ಒಳಜೇಬು. ನಡುಕ ಸಕ್ಕರೆಯನ್ನು ಬೇಗ ಖರ್ಚು ಮಾಡುತ್ತದೆ, ಹಾಗಾಗಿ ಗ್ಲೂಕೋಸ್ ಮಾತ್ರೆಯೋ ಬೆಲ್ಲದ ಚೂರೋ ಪ್ರತ್ಯೇಕವಾಗಿ ಇರಲೇಬೇಕು. ಹೊರಡುವ ಮೊದಲೇ ಡಾಕ್ಟರ ಹತ್ತಿರ ಈ ವಿಷಯ ಮಾತಾಡಿಕೊಳ್ಳಲಿ.

ನಿಮ್ಮ ಲೆಕ್ಕಕ್ಕಿಂತ ಒಂದು ಡಬ್ಬಿ ಹೆಚ್ಚಿಗೇ ಇಡಿ ಅಂತ ಕೇಳಿಕೊಳ್ಳುತ್ತೇನೆ. ರಸ್ತೆ ನಿಂತಾಗ ನಿಮ್ಮ ಮುಂದೆ ಹಿಂದೆ ಕಾರುಗಳಿರುತ್ತವೆ, ಅವುಗಳಲ್ಲಿ ಮಕ್ಕಳಿರುತ್ತಾರೆ, ಅವರ ಹತ್ತಿರ ಒಂದು ಚಿಪ್ಸ್ ಪ್ಯಾಕೆಟ್ ಬಿಟ್ಟರೆ ಏನೂ ಇರುವುದಿಲ್ಲ. ಟ್ರಕ್ಕಿನವರು ಇಳಿದು ಬಂದು ಕಿಟಕಿ ತಟ್ಟಿ ‘ಏನಾದರೂ ಬೇಕಾ’ ಅಂತ ಕೇಳಿದರೆ ಆ ಕುಟುಂಬಕ್ಕೆ ಎಷ್ಟು ಧೈರ್ಯ ಬರುತ್ತದೆ ಅನ್ನುವುದನ್ನು ಹೇಳಿ ಮುಗಿಯುವುದಿಲ್ಲ. ಕೊಡುವ ಮೊದಲು ಶೇಂಗಾ, ಬಾದಾಮಿಯ ಅಲರ್ಜಿ ಇದೆಯೇ ಅಂತ ಕೇಳಲೇಬೇಕು, ಇಲ್ಲಿನ ಮಕ್ಕಳಲ್ಲಿ ಅದು ಅಪರೂಪವಲ್ಲ. ಹಂಚುವುದಕ್ಕೆ ಸಾದಾ ಬಿಸ್ಕತ್ತು, ಖರ್ಜೂರ ಬೇರೆ ಚೀಲದಲ್ಲಿಡಿ.

ದೀಪಾವಳಿ ಹೊತ್ತಿಗೆ ಬುತ್ತಿ ಟ್ರಕ್ಕಿನಲ್ಲಿರಬೇಕು, ಯುಗಾದಿ ಆದ ಮೇಲೆ ತಿಂದು ಮುಗಿಸಬೇಕು. ಶೇಂಗಾ, ಕೊಬ್ಬರಿ ಬೇಸಿಗೆಯ ಕ್ಯಾಬ್‌ನಲ್ಲಿ ಕಮಟು ಹಿಡಿಯುತ್ತವೆ, ಮುಂದಿನ ವರ್ಷಕ್ಕೆ ಹೊಸದು. ಪಾರ್ಸಲ್ಲಿಗೆ ವಾರಗಳೇ ಹಿಡಿಯಬಹುದು, ಅವ್ವ ಬೇಗ ಒಲೆ ಹಚ್ಚಲಿ. ತಡವಾದರೆ ಅಲ್ಲಿಯವರೆಗೆ ಅಂಗಡಿಯ ಶೇಂಗಾ, ಖರ್ಜೂರ, ಬಾದಾಮಿಯಿಂದಲೇ ಲೆಕ್ಕ ಕೂಡಿಸಿ, ಬರಿಗೈಯಲ್ಲಿ ಹೊರಡಬೇಡಿ. ಅಮೆರಿಕದ ಗಡಿಯಲ್ಲಿ ಕ್ಯಾಬ್‌ನಲ್ಲಿರುವ ತಿನ್ನುವ ಪದಾರ್ಥ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹಸಿ ಹಣ್ಣು, ತರಕಾರಿ, ಮಾಂಸಕ್ಕೆ ನಿರ್ಬಂಧಗಳಿವೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಉಂಡಿಯನ್ನು ನೋಡಿ ‘ಇದೇನು’ ಅಂತ ಅಧಿಕಾರಿ ಕೇಳಬಹುದು, ಏನೇನು ಹಾಕಿದೆ ಅಂತ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿಬಿಡಿ. ಇನ್ನು ಒಂಟಾರಿಯೊಗೆ ಕಾಲಿಡುವ ಪ್ರತಿ ಸಲವೂ 511ಕ್ಕೆ ಫೋನ್ ಮಾಡಿ ವಾವಾ ಕಡೆಯ ರಸ್ತೆ ಹೇಗಿದೆ ಕೇಳಿ. ಮುಚ್ಚುವ ಸೂಚನೆ ಇದ್ದರೆ ಥಂಡರ್ ಬೇಯಲ್ಲೇ ನಿಂತುಬಿಡಿ, ಲೋಡ್ ಕೊಟ್ಟು ಕಳಿಸುವ ಕಂಪನಿಯ ಡಿಸ್ಪ್ಯಾಚರ್ ಏನೇ ಅನ್ನಲಿ.